ತಂತಿಗೆ ಚುಚ್ಚಿದ ಪ್ರೂಫು

ಮೊದಲಿಗೆ ಹೆಸರು ಕೇಳಿತು.
ಕರೀ ಪರದೆ ಮ್ಯಾಲೆ ಒಂದು ಬಿಳೀ ಗೆರಿ
ಕಣ್ಣು ಮಿಟಕಿಸಿಕೋತ ನಿಂತಿತ್ತು.
ನೀಲವ್ವ ಬೆಳಧಡಿ, ಅಂತ ಒತ್ತಿದೆ.
ಇಪ್ಪತ್ತು ವರ್ಷ ಮಂದಿ ಹೆಸರು ಜೋಡಿಸೇನಿ ಲಗ್ನಪತ್ರಿಕಿಗೆ,
ನನ್ನದು ಎಲ್ಲೂ ಅಚ್ಚಾಗಿದ್ದಿಲ್ಲ.

ಗದಗಿನ ಟಾಂಗಾ ಕೂಟದ ಹಿಂದ, ಸಂದ್ಯಾಗ ನಮ್ಮ ಪ್ರೆಸ್ಸು.
ರೀಮು ಎಷ್ಟು ಬಂತು, ಎಷ್ಟು ಕೊಯ್ದರು, ರದ್ದಿ ಎಷ್ಟು
ಆ ಲೆಕ್ಕಕ್ಕ ನಾನ ಒಂದು ಪ್ರೋಗ್ರಾಮು ಬರಿಯಾಕ ಹತ್ತೇನಿ.
ಫೋಲ್ಡರಿನ್ಯಾಗ ಸಾಲಾಗಿ ಕುಂತಾವು:
ಲೆಕ್ಕ ಕಡೇದು
ಲೆಕ್ಕ ಕಡೇದು ಎರಡು
ಲೆಕ್ಕ ಖರೇನ ಕಡೇದು
ಇದನ್ನ ಮುಟ್ಟಬ್ಯಾಡ

ತಬಸ್ಸುಮ್ ನೋಡಿ ಬಿದ್ದು ಬಿದ್ದು ನಕ್ಕಳು.
ಡಿಪ್ಲೊಮಾ ಓದೂ ಹುಡುಗಿ, ರಿಪೋರ್ಟು ಬೈಂಡ್ ಮಾಡಸಾಕ ಬಂದಾಕಿ
ಸ್ಟೂಲು ಎಳಕೊಂಡು ಕುಂತಳು.
"ಅಕ್ಕಾ, ಕಡೇದು ಅನ್ನೂದು ಇರೂದಿಲ್ಲ.
ಒಂದ ಫೈಲು ಇರಲಿ. ತಿದ್ದಿದಾಗೊಮ್ಮೆ ಕಮಿಟ್ ಮಾಡು,
ಯಾಕ ತಿದ್ದಿದಿ ಅಂತ ಒಂದು ಸಾಲು ಬರಿ."
ಬರದೆ: ಏನೋ ತಿದ್ದೇನಿ.
"ಏನೋ ಅಂದ್ರ?"
ಅಳಿಸಿಬಿಟ್ಟಳು.

ಮೊಳಿ ಜೋಡಸೂ ಅಂದಾನಪ್ಪಜ್ಜನ ಕೇಸಿನ ಮ್ಯಾಲೆ
ಒಂದು ತಂತಿ ಇತ್ತು. ತಂತಿಗೆ ಹಳೇ ಪ್ರೂಫು,
ಒಂದೊಂದಕ್ಕೂ ತಾರೀಖು, ಕೆಂಪು ಮಸಿಯ ಗೀಟು.
ನಟ್ಟನಡುವ ಒಂದು ಲಗ್ನಪತ್ರಿಕಿ:
ರವಿವಾರ ಹೋಗಿ ಸೋಮವಾರ ಆಗಿ
ರೋಣದ ಬೀಗರು, ಪಾಪ, ಚಪ್ಪರ ಬಿಚ್ಚೂ ಹೊತ್ತಿಗೆ ಬಂದಿಳದಿದ್ರು.
ಹರದು ಒಗೀಬಾರದ ಅಜ್ಜಾ, ಅಂದಿದ್ದೆ.
"ಹರದ್ರ ತಪ್ಪು ಹೋಗೂದಿಲ್ಲ ತಂಗಿ,
ಎಲ್ಲೆ ತಪ್ಪೀತು ಅನ್ನೂದು ಹೋಕ್ಕೈತಿ."

ಒಮ್ಮೆ ರದ್ದಿ ಲೆಕ್ಕ ತಿದ್ದಾಕ ಹೋಗಿ ಪೂರಾ ಕೆಡವಿದೆ.
ತಬಸ್ಸುಮ್ ಕಲಿಸಿದ ಎರಡು ಶಬ್ದ ಒತ್ತಿದ್ದಕ್ಕ
ನಿನ್ನಿ ಸಂಜಿದು ನಿನ್ನಿ ಸಂಜಿಯಂಗ ತಿರುಗಿ ಬಂತು,
ನೆಲಕ್ಕ ಚೆಲ್ಲಿದ ಮೊಳಿ ತಾವ ಎದ್ದು
ತಮ್ಮ ತಮ್ಮ ಮನಿ ಹೊಕ್ಕಂಗ.

ಮಾಲಕರು ಕಟಿಂಗಿನ ಹುಡುಗನ್ನ ಬೈದು ವಾರ ಆಗಿತ್ತು,
ಮೂವತ್ತಾರು ರೀಮು ಎಲ್ಲೆ ಹೋದುವಲೇ ಚಂಬಣ್ಣಾ, ಅಂತ.
ಇತಿಹಾಸ ತಗದು ಒಂದೊಂದ ಸಾಲು ಹಿಂದ ಸರದೆ.
ಗುರುವಾರ, ನಾಕು ಹತ್ತಕ್ಕ, ಒಂದು ಸೊನ್ನಿ ಹೆಚ್ಚು.
ಎದುರಿಗೆ ನನ್ನ ಹೆಸರು
ಅಡ್ಡಹೆಸರಿನ ಸಮೇತ.

ಫ್ಯಾನು ತಿರಗತಿತ್ತು. ಯಾರೂ ನೋಡತಿದ್ದಿಲ್ಲ.
ಸೊನ್ನಿ ತಗದೆ. ಸಾಲು ಬರದೆ:
ನಾಕು ರೀಮಿಗೆ ನಲವತ್ತು ಬಿದ್ದಿತ್ತು. ಹಾಕಿದಾಕಿ ನಾನ.
ಚಂಬಣ್ಣಂದು ಏನೂ ತಪ್ಪಿಲ್ಲ.

ಅಂವಾ ಹೊರಗ ಕಟ್ಟೀ ಮ್ಯಾಲೆ ಕುಂತು ಗಿರಮಿಟ್ ತಿನ್ನಾಕ ಹತ್ತಿದ್ದ.
ಬಾಜೂಕ ಕುಂತೆ.
"ಒಂದು ಮಿರ್ಚಿ ಕೊಡ್ತಿ ಏನು?" ಅಂದೆ.
ಹೇಳೂದು ಇನ್ನೂ ಉಳದಿತ್ತು.