ಗಂಟೆ ನನ್ನ ಕೈಯಲ್ಲಿತ್ತು

ಬುಧವಾರ ಬೆಳಗ್ಗೆ ಆರೂ ಮುಕ್ಕಾಲು.
ಬಿ.ಎಂ. ರಸ್ತೆಯ ಹೋಟೆಲಿನ ಮಹಡಿ ಮೇಲೆ
ಇಪ್ಪತ್ತೊಂಬತ್ತು ಜನ, ಮೂವತ್ತು ಕುರ್ಚಿ.
ಒಂದು ಕಸುಬಿಗೆ ಒಂದೇ ಕುರ್ಚಿ, ಅದು ನಮ್ಮ ಕಟ್ಟಳೆ:
ಬೋರ್‌ವೆಲ್ಲಿಗೆ ದ್ಯಾವಪ್ಪ, ಬ್ಯಾಟರಿಗೆ ಅಫ್ರೋಜ್,
ಅಡುಗೆ ಗುತ್ತಿಗೆಗೆ ತಾರಾಮಣಿ,
ತಕ್ಕಡಿ ರಿಪೇರಿಗೆ ನಾನು.
ಆಲೂಗಡ್ಡೆ ಮಂಡಿಯ ಕಾಟಾಗಳನ್ನೆಲ್ಲ ಸರಿಯಿಟ್ಟವನೆಂದು
ಹೊತ್ತು ತೂಗುವ ಗಂಟೆಯನ್ನೂ ನನಗೇ ಕೊಟ್ಟಿದ್ದಾರೆ.
ಒಬ್ಬೊಬ್ಬರಿಗೆ ಒಂದು ನಿಮಿಷ. ಅರವತ್ತೊಂದಕ್ಕೆ ಟಿಣ್.
ಅಧ್ಯಕ್ಷರಿಗೂ ಟಿಣ್.

ಕಾರ್ಡನ್ನು ಎರಡು ಕೈಯಲ್ಲಿ ಇಸಕೊಳ್ಳಬೇಕು,
ಓದಬೇಕು, ಆಮೇಲೆ ಜೇಬು.
ಅದರಲ್ಲೇ ಹಲ್ಲು ಕೆದಕಿದ ದ್ಯಾವಪ್ಪನಿಗೆ
ನೂರು ರೂಪಾಯಿ ದಂಡ ಬಿದ್ದದ್ದುಂಟು.
ಇನ್ನೊಬ್ಬರ ಗಿರಾಕಿಗೆ ಗಾಳ ಹಾಕಬಾರದು.
ಯಾರ ಮಾತು ಮುಗಿದರೂ ಚಪ್ಪಾಳೆ,
ಇಡ್ಲಿ ಕೈಯಲ್ಲಿದ್ದರೂ.

ಮೂವತ್ತಾದರೆ ಕೇಕ್ ಎಂದಿದ್ದರು ಅಧ್ಯಕ್ಷರು.
ಆರು ತಿಂಗಳಿಂದ ಆ ಕೇಕು ಬೇಕರಿಯಲ್ಲೇ ಇತ್ತು.
ಅತಿಥಿಗಳಾಗಿ ಬಂದವರು ಮಸಾಲೆದೋಸೆ ತಿಂದು
'ಯೋಚನೆ ಮಾಡ್ತೀವಿ' ಎಂದು ಹೋಗಿ
ಯೋಚಿಸುತ್ತಲೇ ಇದ್ದರು.

ಆ ಬುಧವಾರ ಅಫ್ರೋಜ್ ಕರೆತಂದದ್ದು ಸಿಂಗ್ರಯ್ಯನನ್ನು.
ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಾಗಿಲ ಪಕ್ಕದ ಕುರ್ಚಿ.
ಎದ್ದು ನಿಂತು ಹೇಳಿದ:
'ಫ್ರೀಜರ್ ಪೆಟ್ಟಿಗೆ ಬಾಡಿಗೆ. ಗಾಡಿ ಇದೆ.
ಬಿದಿರು, ಮಡಕೆ, ಬಿಳಿ ಬಟ್ಟೆ ನನ್ನಲ್ಲೇ ಸಿಗುತ್ತೆ.
ಕಾರ್ಡ್ ತಂದಿಲ್ಲ. ನಾನಾಗಿ ಯಾರಿಗೂ ಕೊಡಲ್ಲ.'
ಹದಿನೆಂಟು ಸೆಕೆಂಡು.
ಉಳಿದ ನಲವತ್ತೆರಡನ್ನು ನಿಂತೇ ಕಳೆದ,
ಕೂರಬಹುದೆಂದು ಯಾರೂ ಹೇಳದೆ.
ಚಪ್ಪಾಳೆ ನಮ್ಮ ನಿಯಮ. ಯಾವ ಕೈಗೂ ನೆನಪಾಗಲಿಲ್ಲ.
ಸಾಂಬಾರಿನ ಬಕೆಟ್ ಹಿಡಿದ ಹುಡುಗ ಕೂಡ
ನಿಂತಲ್ಲೇ ನಿಂತ.
ಗಂಟೆ ನನ್ನ ಕೈಯಲ್ಲಿತ್ತು. ಹೊಡೆಯಲಿಲ್ಲ.

'ನಿಮ್ಮ ವ್ಯಾಪಾರ ಬೆಳೆಯಲಿ':
ಹೊಸಬರಿಗೆ ನಾವು ಒಕ್ಕೊರಲಲ್ಲಿ ಹೇಳುವ ಮಾತು.
ಅಧ್ಯಕ್ಷರು ಬಾಯಿ ತೆರೆದು
ಆಕಳಿಸಿದಂತೆ ಮಾಡಿ ಮುಚ್ಚಿಕೊಂಡರು.

ನನ್ನ ಫೋನಿನಲ್ಲಿ ಅವನ ನಂಬರಿದೆ, ಹೆಸರಿಲ್ಲದೆ.
ನಾಲ್ಕು ವರ್ಷದ ಹಿಂದೆ ಸಂತೇಪೇಟೆಯ ನಮ್ಮ ಮನೆಗೆ
ರಾತ್ರಿ ಎರಡಕ್ಕೆ ಬಂದಿದ್ದ.
ಗಾಡಿಯನ್ನು ಬೀದಿಯ ತುದಿಯಲ್ಲೇ ಆರಿಸಿ
ಪೆಟ್ಟಿಗೆಯನ್ನು ತಳ್ಳಿಕೊಂಡು ತಂದು,
ಅಪ್ಪನ ಕಾಲ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿ
'ಪ್ಲಗ್ ಎಲ್ಲಿದೆ?' ಅಂದಷ್ಟೇ ಕೇಳಿದ್ದ.
ಹನ್ನೊಂದು ಕಳೆಯುವ ತನಕ ಬಿಲ್ಲಿನ ಮಾತೆತ್ತಲಿಲ್ಲ.
ಹೊರಡುವಾಗ 'ಹೋಗಿ ಬರ್ತೀನಿ' ಅನ್ನಲಿಲ್ಲ,
ಅಂಥ ಮನೆಯಲ್ಲಿ ಅನ್ನಬಾರದು.
ಎದ್ದ, ಹೋದ.

ಚೀಟಿ ಹಂಚುವ ಸುತ್ತು ಬಂತು,
ಯಾರು ಯಾರಿಗೆ ಗಿರಾಕಿ ಹುಡುಕಿದರೆಂಬ ಲೆಕ್ಕ.
ಸಿಂಗ್ರಯ್ಯನಿಗೆ ಚೀಟಿ ಬರೆಯುವುದು ಹೇಗೆ?
ಬರೆದರೆ ಯಾರ ಹೆಸರು?
ಅವನೇ ಜೇಬಿನಿಂದ ಡೈರಿ ತೆಗೆದ.
'ಅಮ್ಮಾ, ಸಾಲಗಾಮೆ ರಸ್ತೇಲಿ ಭಾನುವಾರ ವೈಕುಂಠ ಸಮಾರಾಧನೆ,
ಮುನ್ನೂರು ಎಲೆ, ಅಡುಗೆಯವರು ಕೈ ಕೊಟ್ಟವ್ರೆ.
ಫ್ಲೆಕ್ಸಿನವರು ಯಾರು? ಫೋಟೊ ನನ್ನ ಹತ್ರ ಇದೆ.
ವಿಮೆಯವರೇ, ಒಬ್ಬ ಹೆಣ್ಣುಮಗಳಿಗೆ ಫಾರಂ ತುಂಬಕ್ಕೆ ಬರಲ್ಲ,
ಹೋಗಿ ತುಂಬಿಕೊಡಿ. ಹೊಸ ಪಾಲಿಸಿ ಮಾತು ಆಡಬೇಡಿ.'
ಒಟ್ಟು ಆರು ಚೀಟಿ. ಒಂದೂ ತನಗಲ್ಲ.

ಆಮೇಲೆ ಅವನನ್ನು ಕೆಳಗೆ ಕಾಫಿಗೆ ಕಳಿಸಿ ಚರ್ಚೆಯಾಯಿತು.
'ಬೆಳ್ಳಂಬೆಳಗ್ಗೆ ಆ ಮುಖ ನೋಡ್ಕಂಡು ಹೋಗಿ
ಪಾಯಿಂಟ್ ಹೊಡೆಸಿದ್ರೆ ನೀರು ಬರುತ್ತಾ?' ಎಂದ ದ್ಯಾವಪ್ಪ.
'ಕೇಕಿಗೆ ಹೇಳಿಬಿಡಿ,' ಎಂದರು ತಾರಾಮಣಿ, ಚೀಟಿ ಮಡಚುತ್ತ.
ಹದಿನೇಳು ಕೈ ಎದ್ದವು. ಎಣಿಸಿದವನು ನಾನೇ,
ನನ್ನದನ್ನೇ ಮೊದಲು.

ಈಗಲೂ ಬಾಗಿಲ ಪಕ್ಕವೇ ಕೂರುತ್ತಾನೆ.
ಫೋನಿನ ಬಾಯಿ ಮುಚ್ಚಿಸಬೇಕೆಂಬ ನಿಯಮ ಅವನೊಬ್ಬನಿಗಿಲ್ಲ.
ಅದು ಮೇಜಿನ ಮೇಲೆ ಗುಂಯ್‌ಗುಟ್ಟಿದರೆ
ಇಪ್ಪತ್ತೊಂಬತ್ತು ಜನ ಮನಸ್ಸಿನಲ್ಲೇ
ಮನೆಮಂದಿಯನ್ನು ಎಣಿಸುತ್ತೇವೆ.

ಮೊನ್ನೆ ಸಭೆ ಮುಗಿದಾಗ, ಮೊದಲ ಸಲ,
ಮೆಟ್ಟಿಲ ಬಳಿ ತಿರುಗಿ
'ಹೋಗಿ ಬರ್ತೀನಿ' ಅಂದುಬಿಟ್ಟ.
ದ್ಯಾವಪ್ಪನ ಲೋಟ ತುಟಿಯ ಹತ್ತಿರವೇ ತಡೆಯಿತು.
ಯಾರೂ 'ಬನ್ನಿ' ಅನ್ನಲಿಲ್ಲ.
ಗಂಟೆಯನ್ನು ಚೀಲಕ್ಕೆ ಹಾಕುತ್ತಿದ್ದ ನಾನು
'ಬುಧವಾರ,' ಅಂದೆ. 'ಬುಧವಾರ ಬನ್ನಿ.'