ಬಾಕಿ ಪುಸ್ತಕ

ತೆರೇಸಾ ಮೇಡಂ ಕೇಳಿದ್ದು ಒಂದೇ:
ಆ ಲೋಡಿನ ಗಿಡ ಯಾರ್ಯಾರಿಗೆ ಮಾರಿದಿರಿ?

ನನ್ನ ಹತ್ತಿರ ಬಿಲ್ಲಿಲ್ಲ, ಬಾಕಿ ಪುಸ್ತಕವಿದೆ.
ದುಡ್ಡು ಕೊಟ್ಟವರ ಹೆಸರು ಅದರಲ್ಲಿರುವುದಿಲ್ಲ.

ಲಾರಿಯಿಂದ ಇಳಿಸಿದ ದಿನ ಗಿಡಕ್ಕೂ ಹೆಸರಿರಲಿಲ್ಲ,
ಎಲೆಯಂಚಿಗೆ ಕೆಂಪು ಜರಿ.
ಮದುವೆಹೆಣ್ಣಿದ್ದಂಗದೆ ಅಂದಳು ಚೆಲುವಮ್ಮ.
ಮದುವೆಹೆಣ್ಣು ಎಂದೇ ಬೋರ್ಡು ಬರೆಸಿ
ನೂರಿಪ್ಪತ್ತಕ್ಕೊಂದರಂತೆ ಮಾರಿದೆವು.

ಈಗ ಇಲವಾಲದಿಂದೀಚೆ ಹೊಂಗೆಮರಗಳ ಬುಡದಲ್ಲಿ
ಕಪ್ಪಗೆ ಒಸರುತ್ತದೆ,
ಗಾಯಕ್ಕೆ ಕಟ್ಟಿದ ಬಟ್ಟೆ ನೆನೆದ ಹಾಗೆ.
ಗೆದ್ದಲು ಗೊತ್ತು ನನಗೆ, ಬಿಳಿಹೇನು, ಎಲೆಚುಕ್ಕೆ ಗೊತ್ತು.
ಇದು ಬೇರೆ.
ಬೂಷ್ಟು ಅಲ್ಲ, ಪಾಚಿಯ ದೂರದ ನೆಂಟ, ಅಂದರು ಮೇಡಂ.
ಎರಡು ಬಾಲ. ನೀರಿದ್ದರೆ ಈಜುತ್ತದೆ.
ನನ್ನ ಕುಂಡದ ಮಣ್ಣನ್ನು ತಟ್ಟೆಯಲ್ಲಿ ಕದಡಿ
ಎಳೆ ಎಲೆಯ ಚೂರು ತೇಲಿಬಿಟ್ಟರು,
ಮೀನಿಗೆ ಗಾಳ ಹಾಕಿದಂತೆ.
ನಾಲ್ಕನೇ ದಿನ ಕಚ್ಚಿತ್ತು.
ಇನ್ನೂ ಹೆಸರಿಟ್ಟಿಲ್ಲವಂತೆ, ಸೀಸೆಯ ಮೇಲೆ ಒಂದು ನಂಬರು ಅಷ್ಟೆ.

ರಾತ್ರಿ ಕೂತು ನೆನೆದೆ.
ಸರಸ್ವತಿಪುರಂ ಹಲ್ಲಿನ ಡಾಕ್ಟರು, ಎರಡು.
ಗೋಕುಲಂ ಯೋಗಶಾಲೆ, ಹನ್ನೆರಡು, ಆಮೇಲೆ ಇನ್ನಾರು.
ಬೆಳವಾಡಿಯವರು ಆರತಕ್ಷತೆಗೆಂದು ಬಾಡಿಗೆಗೆ ಒಯ್ದು
ಮಾರನೇ ದಿನ ವಾಪಸು ತಂದಿಟ್ಟರಲ್ಲ,
ಅವು ಆಮೇಲೆ ಹೋದದ್ದು ಎಲ್ಲಿಗೆ?
ಬೆಟ್ಟದ ಪಾದದ ಹೊಸ ಲೇಔಟು, ಮುನ್ನೂರು.
ಅಲ್ಲಿ ಪೆನ್ನು ನಿಂತಿತು.
ತಂತಿಬೇಲಿಯಾಚೆ ಕಾಡು.
ನೀರೇನು ಮೇಲಕ್ಕೆ ಹರಿಯುತ್ತದಾ, ಅಂತ
ನನಗೆ ನಾನೇ ಸಮಾಧಾನ ಹೇಳಿಕೊಂಡೆ.
ಮೇಕೆ ಹತ್ತುತ್ತವೆ. ಸೌದೆಗೆ ಹೋಗುವವರ
ಚಪ್ಪಲಿ ಹತ್ತುತ್ತದೆ, ಅಡಿಯಲ್ಲಿ ಒಂದು ಬೆರಳು ಮಣ್ಣು.

ಉಳಿದದ್ದನ್ನೆಲ್ಲ ಗುಂಡಿ ತೋಡಿ ಸುಟ್ಟೆವು.
ಹಸಿ ಎಲೆ, ಬೆಂಕಿಗಿಂತ ಹೊಗೆಯೇ ಜಾಸ್ತಿ.
ಚೆಲುವಮ್ಮ ಸೆರಗು ಮೂಗಿಗೆ ಹಿಡಿದು
ಸಂಜೆಯವರೆಗೆ ಒಂದು ಮಾತಾಡಲಿಲ್ಲ.
ಈಗ ಗೇಟಿನಲ್ಲಿ ನೀಲಿ ಬೇಸಿನ್ನು, ಔಷಧಿನೀರು.
ಏನ್ರೀ, ನರ್ಸರಿನ ದೇವಸ್ಥಾನ ಮಾಡ್ಬಿಟ್ರಾ?
ನಗುತ್ತ ಕಾಲು ಅದ್ದಿ ಬರುತ್ತಾರೆ ಗಿರಾಕಿಗಳು.

ಬೆಳಿಗ್ಗೆ ಡಾಕ್ಟರಿಗೆ ನಾನೇ ಫೋನು ಮಾಡಿದೆ.
ಗಿಡವಾ? ಫಸ್ಟ್ ಕ್ಲಾಸಾಗಿದೆ ಕಣಮ್ಮ,
ಒಂದು ಎಲೆ ಬಾಡಿಲ್ಲ.
ಪಕ್ಕದ ನಂದಿಬಟ್ಟಲು ಮಾತ್ರ ಯಾಕೋ ಸೊರಗಿದೆ,
ಅದಕ್ಕೇನಾದರೂ ಔಷಧಿ ಇದೆಯಾ?

ಸಾರ್, ನೀರು ಹಾಕಬೇಡಿ.
ಕುಂಡ ಅಲ್ಲಾಡಿಸಬೇಡಿ.
ನಾನು ಚೀಲ ತಗೊಂಡು ಬರ್ತಿದ್ದೀನಿ.