ಕೂಸಿನ ಲೆಕ್ಕ

ಇದು ನಿನ್ನ ಪುಸ್ತಕ, ಲಿಪಿ.
ಚೇರಂಬಾಣೆಯ ಅಂಗಡಿಯಲ್ಲಿ ನಲವತ್ತು ರೂಪಾಯಿ ಕೊಟ್ಟು ತಂದದ್ದು.
ಆ ನಲವತ್ತು ನನ್ನದು.
ಮೊದಲ ಪುಟದಲ್ಲೇ ಬರೆದಿದ್ದೇನೆ.

ನಿನ್ನಪ್ಪ ಏಣಿ ತಿರುಗಿಸುವಾಗ
ಮೇಲೆ ತಂತಿ ಇದೆಯೆಂದು ಕೂಗಿದವನು ನಾನೇ.
ಅಲ್ಯೂಮಿನಿಯಂ ಏಣಿ, ಹಗುರ.
ಕೂಗು ಮುಟ್ಟುವ ಮೊದಲೇ ತಿರುಗಿತ್ತು.
ಅವನ ಸೊಂಟದ ಚೀಲದ ಹಸಿ ಗೊಂಚಲುಗಳನ್ನು
ಯಾರೋ ಆರಿಸಿ ತಂದು ಕಣದಲ್ಲಿ ಹರಡಿದರು,
ಸಾವಿನ ಮನೆಯಲ್ಲಿ ಕೈಗಳಿಗೆ ಕೆಲಸ ಬೇಕಲ್ಲ.
ಒಣಗಿ ಎರಡೂಮುಕ್ಕಾಲು ಕಿಲೋ ಆಯಿತು.
ಅದು ಎರಡನೇ ಪುಟ.

ಮಡಿಕೇರಿ ಕೋರ್ಟಿನಲ್ಲಿ ಜಡ್ಜಮ್ಮ ಕನ್ನಡಕ ಇಳಿಸಿ ಕೇಳಿದರು:
ಮೈನರಿಗೆ ನೀವು ಏನಾಗಬೇಕು?
ಚಿಕ್ಕಪ್ಪ ಎಂದೆ.
ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.
ಆ ಪದಕ್ಕೆ ನಮ್ಮ ಕಡೆ ಒಂದು ಕೆಮ್ಮು ಅಂಟಿಕೊಂಡಿದೆ, ಕೂಸೇ.
ಅಜ್ಜಿ ಹೇಳುವ ಕತೆಗಳಲ್ಲೆಲ್ಲ ಚಿಕ್ಕಪ್ಪ
ರಾತ್ರಿ ಎದ್ದು ಬೇಲಿ ಸರಿಸುತ್ತಾನೆ,
ಒಂದೊಂದೇ ಗೂಟ.

ನಿನ್ನದು ಏನೇನಿದೆ, ಕೇಳು.
ಒಂದು ಎಕರೆ ಅರವತ್ತೆರಡು ಸೆಂಟು ರೊಬಸ್ಟಾ.
ನೂರಹದಿನೇಳು ಸಿಲ್ವರ್ ಓಕ್, ಅವಕ್ಕೆ ಹಬ್ಬಿದ ಮೆಣಸು.
ಕೆರೆಯ ಪಕ್ಕ ಹಲಸು ಒಂದು,
ಅದರ ಅರ್ಧ ನೆರಳು ನನ್ನ ಜಾಗಕ್ಕೆ ಬೀಳುತ್ತದೆ
(ಬೀಳಲಿ, ಅದನ್ನು ಬರೆದಿಲ್ಲ).
ನಿನ್ನಮ್ಮನ ಓಲೆ, ಅವಳು ಹೋದ ವರ್ಷದಿಂದ ಬ್ಯಾಂಕಿನ ಲಾಕರಿನಲ್ಲಿ.
ಕರೆಂಟಿನವರು ಕೊಟ್ಟ ಪರಿಹಾರ,
ನಿನಗೆ ಹದಿನೆಂಟು ತುಂಬುವ ತನಕ ಯಾರೂ ಮುಟ್ಟುವಂತಿಲ್ಲ.
ಒಂದು ಏಣಿ.
ಮಾರಿಲ್ಲ. ಹತ್ತಿಯೂ ಇಲ್ಲ.
ನಾವು ಬಿದಿರಿನದು ಕಟ್ಟಿಕೊಂಡಿದ್ದೇವೆ,
ಭಾರ, ಎತ್ತಲು ಇಬ್ಬರು ಬೇಕು.

ಸುಂಟಿಕೊಪ್ಪದಿಂದ ಮರದ ವ್ಯಾಪಾರಿ ಬಂದ.
ನಿನ್ನ ಓಕುಗಳನ್ನು ಕಣ್ಣಲ್ಲೇ ಅಳೆದ.
ಹೆಸರು ಕೂಸಿನದಾದರೇನು, ಕಡಿಸುವವನು ನೀನು ತಾನೆ, ಎಂದ.
ಕೋರ್ಟಿನ ಕಾಗದ ಬೇಕು ಎಂದೆ.
ಕಾಗದ ಆಗುವುದೂ ಮರದಿಂದಲೇ ಎಂದು ನಕ್ಕ.
ನನಗೂ ನಗು ಬಂತು.
ಅವತ್ತು ನನಗೆ ನನ್ನ ನಗು ಕಂಡೇ ಹೆದರಿಕೆಯಾಯಿತು.

ಮೂವತ್ತೊಂದನೇ ಪುಟ ನೀನು ಓದಲೇಬೇಕು.
ಹುತ್ತರಿಯ ಮರುದಿನ ಇಸ್ಪೀಟಿನಲ್ಲಿ ಸೋತೆ.
ರೇಟು ಏರಲಿ ಎಂದು ಅಟ್ಟದಲ್ಲಿಟ್ಟ ನಿನ್ನ ಚೀಲದಿಂದ
ಆರು ಕಿಲೋ ಮೆಣಸು ನನ್ನ ಚೀಲಕ್ಕೆ ಬಂತು.
'ಬಂತು' ಎಂದೇ ಮೊದಲು ಬರೆದದ್ದು.
ಎರಡು ರಾತ್ರಿ ಕಳೆದ ಮೇಲೆ ಅದನ್ನು ಹೊಡೆದುಹಾಕಿ
'ತೆಗೆದೆ' ಎಂದು ಬರೆದೆ.
ಮಾರ್ಚಿನಲ್ಲಿ ಎಂಟು ಕಿಲೋ ವಾಪಸು ಹಾಕಿದೆ.
ಹೆಚ್ಚಿನ ಎರಡು ಕಿಲೋ ಜಮೆಯೋ ಖರ್ಚೋ ತಿಳಿಯದೆ
ನಡುಗೆರೆಯ ಮೇಲೆಯೇ ಬರೆದಿಟ್ಟಿದ್ದೇನೆ.
ನಿನ್ನ ಚಿಕ್ಕಮ್ಮನಿಗೂ ಗೊತ್ತಿಲ್ಲ.
ಈಗ ನಿನಗೆ ಗೊತ್ತು.

ನಿನಗೆ ಒಂಬತ್ತು. ಕೈಲಿ ದಶಕ ಇಟ್ಟು ಕೂಡಿಸಲು ಬರುತ್ತದೆ.
ನಿನ್ನೆ ಕಾಲು ಮಡಚಿ ಕೂತು ಇಡೀ ಪುಸ್ತಕ ತಿರುವಿದೆ,
ಹದಿನಾಲ್ಕನೇ ಪುಟದಲ್ಲಿ ತಪ್ಪು ಹಿಡಿದೆ,
ಹನ್ನೆರಡು ರೂಪಾಯಿ ಇದು ನಿಮ್ಮದು ಚಿಕ್ಕಪ್ಪ ಎಂದು
ಪೆನ್ಸಿಲಿನಲ್ಲಿ ಅಡಿಗೆರೆ ಎಳೆದೆ.
ಮೂವತ್ತೊಂದನ್ನು ಓದಿದೆಯೋ ಇಲ್ಲವೋ, ಕೇಳಲಿಲ್ಲ.
ಆಮೇಲೆ ಬೆರಳಿಟ್ಟು ಕೇಳಿದೆ:
ಏಣಿಯ ಮುಂದೆ ಯಾಕೆ ರೂಪಾಯಿ ಬರೆದಿಲ್ಲ?

ಆ ಜಾಗ ಖಾಲಿಯೇ ಇದೆ.
ದೊಡ್ಡವಳಾದ ಮೇಲೆ ನೀನೇ ಏನಾದರೂ ಬರೆ.

ಅಷ್ಟರಲ್ಲಿ ತಲಕಾವೇರಿ ಕಡೆ ಗುಡುಗಿತು,
ಈ ವರ್ಷದ ಹೂಮಳೆ, ಒಂದು ವಾರ ಮೊದಲು.
ಕಣದಲ್ಲಿ ಎರಡು ಟಾರ್ಪಾಲು, ಎರಡರಲ್ಲೂ ಮೆಣಸು.
ಓಡಿದೆವು.
ನಿನ್ನದನ್ನು ಮೊದಲು ಎತ್ತಿದೆವು, ನಾನೊಂದು ತುದಿ, ನೀನೊಂದು.
ನನ್ನದು ಸ್ವಲ್ಪ ನೆನೆಯಿತು.